ಗಂಟುಬಿದ್ದ ಗಂಟು

ನನ್ನ ಬಲ ಭುಜದ ಹಿಂದೆ ಒಂದು ಗಂಟು ಇದೆ. ಮೂರು ವರ್ಷದ ಮೇಲಾಯಿತು. ಅದಕ್ಕೊಂದು ಹೆಸರಿದೆ, ಅಳತೆಯಿದೆ, ಒಂದು ದಪ್ಪ ಫೈಲಿನ ತುಂಬ ಅದರದ್ದೇ ಚಿತ್ರಗಳಿವೆ. ಇಲ್ಲದಿರುವುದು ಒಂದೇ. ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುವ ಪ್ರಶ್ನೆಗೆ ನೆಟ್ಟಗಿನ ಉತ್ತರ.

“ಕ್ಯಾನ್ಸರ್ ಅಲ್ಲ ತಾನೆ?”

“ಅಲ್ಲಮ್ಮ.”

“ಹಾಗಾದ್ರೆ ಕ್ಯಾನ್ಸರ್ ಡಾಕ್ಟ್ರ ಹತ್ರ ಯಾಕೆ ಹೋಗ್ತೀಯ?”

“ಇದರ ವಿಷಯ ಗೊತ್ತಿರೋದು ಅವರಿಗೇ.”

“ಸರಿ. ಕ್ಯಾನ್ಸರ್ ಅಲ್ಲ ಅಂದ್ಮೇಲೆ ತೆಗೆಸಿ ಬಿಸಾಕೋಕೆ ಏನು ಕಷ್ಟ?”

ಇಲ್ಲಿಗೆ ಬಂದಾಗ ನಾನು ‘ಆಮೇಲೆ ಹೇಳ್ತೀನಮ್ಮ’ ಅಂತ ಫೋನ್ ಇಡುತ್ತೇನೆ. ಅವಳದು ತಪ್ಪಿಲ್ಲ. ಅಮ್ಮನ ಲೆಕ್ಕದಲ್ಲಿ ಗಂಟುಗಳಲ್ಲಿ ಎರಡೇ ಜಾತಿ. ಹೆದರಬೇಕಾದದ್ದು, ಹೆದರಬೇಕಿಲ್ಲದ್ದು. ನನ್ನ ಲೆಕ್ಕವೂ ಅಷ್ಟೇ ಇತ್ತು. ಆದರೆ ಭುಜದಲ್ಲಿ ಬಂದು ಕೂತದ್ದು ಮೂರನೆಯ ಜಾತಿಯದು. ಅದನ್ನು ಅರ್ಥ ಮಾಡಿಕೊಳ್ಳಲು ನನಗೇ ವರ್ಷ ಹಿಡಿಯಿತು. ಎರಡು ನಿಮಿಷದ ಫೋನಿನಲ್ಲಿ ಹೇಗೆ ಹೇಳುವುದು? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಂಡುಹಿಡಿದವಳು ಅಕ್ಕ. ಭುಜ ಹಿಡಿದುಕೊಂಡಿದೆ ಅಂತ ಅವಳ ಹತ್ತಿರ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದೆ. ಅವಳ ಕೈ ಒಂದು ಕಡೆ ನಿಂತಿತು. “ಇಲ್ಲೇನೋ ಗಟ್ಟಿಯಾಗಿದೆಯಲ್ಲೇ” ಅಂದಳು. ಒತ್ತಿದಳು. “ನೋಯುತ್ತಾ?” ನೋಯುತ್ತಿರಲಿಲ್ಲ. ನೋವಿಲ್ಲ ಅಂದಮೇಲೆ ಇನ್ನೇನು ಅಂತ ಇಬ್ಬರೂ ಸುಮ್ಮನಾದೆವು. ಸ್ನಾಯು, ಕೊಬ್ಬು, ನರ, ರಕ್ತನಾಳ, ಇವನ್ನೆಲ್ಲ ಹಿಡಿದು ಕಟ್ಟಿರುವ ನಾರು, ಇವನ್ನು ಒಟ್ಟಾಗಿ ಮೆದು ಅಂಗಾಂಶ ಅನ್ನುತ್ತಾರೆ. ಇವುಗಳಲ್ಲಿ ಹುಟ್ಟುವ ಗಡ್ಡೆಗಳು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ಅಲ್ಲಿ ಜಾಗ ಇರುತ್ತದೆ. ಪಕ್ಕದ ಸ್ನಾಯುವನ್ನು ಒಂಚೂರು ಸರಿಸಿ ಕೂತುಬಿಡುತ್ತವೆ. ನೋವು ಕೊಡುವುದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಓಡುವ ನಾವು, ನೋಯದೆ ಬಂದವರನ್ನು ಒಳಗೇ ಇಟ್ಟುಕೊಳ್ಳುತ್ತೇವೆ.

ಎರಡು ತಿಂಗಳಾದ ಮೇಲೆ ತೋರಿಸಿದೆ. ಆ ಡಾಕ್ಟರು ಎರಡು ಬೆರಳಲ್ಲಿ ಒತ್ತಿ ನೋಡಿ, “ಕೊಬ್ಬಿನ ಗಂಟು. ಯೋಚ್ನೆ ಮಾಡ್ಬೇಡಿ” ಅಂದರು. ನಾನು ಯೋಚನೆ ಮಾಡಲಿಲ್ಲ. ಇನ್ನೂ ಮೂರು ತಿಂಗಳು ಹೋಯಿತು. ಆಮೇಲೆ ಅವರ ಮೇಲೆ ತುಂಬ ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ. ಲೆಕ್ಕ ಅವರ ಕಡೆಗೇ ಇತ್ತು. ಮೆದು ಅಂಗಾಂಶದಲ್ಲಿ ಒಂದು ಕೆಟ್ಟ ಗಡ್ಡೆ ಸಿಗುವಷ್ಟರಲ್ಲಿ ಕನಿಷ್ಠ 100 ನಿರುಪದ್ರವಿ ಗಡ್ಡೆಗಳು ಸಿಗುತ್ತವೆ. ಅವುಗಳಲ್ಲಿ ಕೊಬ್ಬಿನ ಗಂಟೇ ಜಾಸ್ತಿ. ದೊಡ್ಡವರಿಗೆ ಬರುವ ಕ್ಯಾನ್ಸರುಗಳಲ್ಲಿ ಸಾರ್ಕೋಮಾ, ಅಂದರೆ ಮೆದು ಅಂಗಾಂಶದ ಮತ್ತು ಮೂಳೆಯ ಕ್ಯಾನ್ಸರು, ಸುಮಾರು 100ಕ್ಕೆ 1 ಮಾತ್ರ. ನನ್ನಂಥದ್ದು ಅದಕ್ಕಿಂತಲೂ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 2ರಿಂದ 4 ಜನಕ್ಕೆ ಬರುತ್ತದೆ. ಒಬ್ಬ ಸಾಮಾನ್ಯ ಡಾಕ್ಟರು ಇಡೀ ಜೀವಮಾನದಲ್ಲಿ ಒಂದನ್ನೂ ನೋಡದೆ ನಿವೃತ್ತರಾಗಬಹುದು.

ಆದರೂ ಬೆರಳಿಗೆ ಗೊತ್ತಾಗುವ ಕೆಲವು ವಿಷಯಗಳಿವೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಕೊಬ್ಬಿನ ಗಂಟು ಮೆತ್ತಗಿರುತ್ತದೆ, ಚರ್ಮದ ಕೆಳಗೇ ಇರುತ್ತದೆ, ಒತ್ತಿದರೆ ಬೆರಳಿನಿಂದ ಜಾರುತ್ತದೆ. ನನ್ನದು ಜಾರುತ್ತಿರಲಿಲ್ಲ. ಆಳದಲ್ಲಿ, ಯಾರೋ ಸ್ನಾಯುವಿಗೆ ಹಾಕಿ ಹೊಲಿದಂತೆ ಕೂತಿತ್ತು. ಗಟ್ಟಿಯಾಗಿರುವ, ಆಳದಲ್ಲಿರುವ, ಬೆಳೆಯುತ್ತಿರುವ, 5 ಸೆಂಟಿಮೀಟರ್ ದಾಟಿದ ಗಂಟು ಯಾವುದೇ ಇರಲಿ, ಅದನ್ನು ಮೊದಲು ಚಿತ್ರದಲ್ಲಿ ನೋಡಬೇಕು. ಆಮೇಲೆ ಸೂಜಿ. ಕತ್ತಿ ಕೊನೆಗೆ, ಅದೂ ಬೇಕಾದರೆ. ಈ ಸರದಿ ತಪ್ಪಿಸಿ ‘ಸಣ್ಣ ಆಪರೇಷನ್, ತೆಗೆದೇಬಿಡೋಣ’ ಅಂತ ಕೈಹಾಕಿದರೆ ಒಳಗಿರುವುದು ಕೆಟ್ಟದ್ದಾಗಿದ್ದ ಪಕ್ಷದಲ್ಲಿ ದೊಡ್ಡ ಅನಾಹುತ. ನನಗೆ ಹಾಗಾಗಲಿಲ್ಲ. ಮೂರು ತಿಂಗಳ ಮೇಲೆ ಹೋದಾಗ ಬೇರೆ ಡಾಕ್ಟರಿದ್ದರು. ಆಕೆ ಒತ್ತಿ ನೋಡಿ ಏನೂ ಹೇಳದೆ ಎಂಆರ್‌ಐಗೆ ಬರೆದುಕೊಟ್ಟರು. ಏನೂ ಹೇಳದಿದ್ದದ್ದೇ ನನಗೆ ಭಯ ಹುಟ್ಟಿಸಿತು.

ಎಂಆರ್‌ಐಯಲ್ಲಿ 4.8 ಸೆಂಟಿಮೀಟರಿನ ಒಂದು ಆಕಾರ. ಅಂಚು ಸರಿಯಾಗಿಲ್ಲ. ಸ್ನಾಯುವಿನ ಎಳೆಗಳ ನಡುವೆ ಬಾಲ ಚಾಚಿದಂತೆ ಹೋಗಿದೆ. ಆಮೇಲೆ ಬಯಾಪ್ಸಿ. ದಪ್ಪ ಸೂಜಿ ಚುಚ್ಚಿ ದಾರದಂಥ ನಾಲ್ಕು ತುಣುಕು ತೆಗೆದರು. ಸೂಜಿ ಒಳಗೆ ಹೋಗುವಾಗ ಡಾಕ್ಟರು ಕೈಗೆ ಜೋರು ಹಾಕಬೇಕಾಯಿತು. “ರಬ್ಬರ್ ಇದ್ದಂಗಿದೆ” ಅಂತ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಕೆಲವು ಮಾತನ್ನು ರೋಗಿಯ ಬೆನ್ನಿಗೆ ಹೇಳಿದರೂ ಕೇಳಿಸುತ್ತದೆ.

ಮೊದಲ ರಿಪೋರ್ಟಿನಲ್ಲಿ ‘ಸ್ಪಿಂಡಲ್ ಸೆಲ್’ ಅಂತ ಇತ್ತು. ಕದಿರಿನ ಆಕಾರದ ಕೋಶಗಳು. ಮಧ್ಯೆ ಉಬ್ಬಿ ಎರಡೂ ತುದಿ ಚೂಪಾದವು. ಅದರ ಕೆಳಗೆ, ನಿಧಾನವಾಗಿ ಬೆಳೆಯುವ ಸಾರ್ಕೋಮಾ ಇರಬಹುದು ಅಂತ ಒಂದು ಸಾಲು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಯನ್ನು ಹಿಡಿದುಕೊಂಡು ನಾವು ಹನ್ನೊಂದು ದಿನ ಬದುಕಿದೆವು. ಅಕ್ಕ ದಿನಕ್ಕೊಂದು ಸಲ ರಿಪೋರ್ಟ್ ತೆಗೆದು ಆ ಸಾಲನ್ನು ಓದುತ್ತಿದ್ದಳು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಪದ ಬದಲಾಗಿರಬಹುದು ಅನ್ನುವಂತೆ.

ನಮ್ಮ ಡಾಕ್ಟರು ಸ್ಲೈಡುಗಳನ್ನು ಇಂಥ ಗಡ್ಡೆಗಳನ್ನೇ ನೋಡುವ ಇನ್ನೊಬ್ಬ ಪ್ಯಾಥಾಲಜಿಸ್ಟಿಗೆ ಕಳಿಸಿದರು. ಈ ಒಂದು ಕೆಲಸಕ್ಕೆ ನಾನು ಅವರಿಗೆ ಋಣಿ. ಮೆದು ಅಂಗಾಂಶದ ಗಡ್ಡೆಗಳಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಎಷ್ಟೋ ಕದಿರು ಕೋಶದವೇ. ಸಾಮಾನ್ಯ ಬಣ್ಣ ಹಾಕಿ ನೋಡಿದರೆ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಮೊದಲನೆಯವರು ತಪ್ಪು ಬರೆದರು ಅನ್ನುವುದಕ್ಕಿಂತ ಪ್ರಾಮಾಣಿಕವಾಗಿ ಅನುಮಾನ ಬರೆದರು ಅನ್ನಬೇಕು. ಎರಡನೆಯವರು ಒಂದು ವಿಶೇಷ ಬಣ್ಣ ಹಾಕಿದರು. ಬೀಟಾ ಕ್ಯಾಟೆನಿನ್ ಅನ್ನುವ ಪ್ರೋಟೀನ್ ಕೋಶದಲ್ಲಿ ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಕಟ್ಟುತ್ತದೆ. ಮಾಮೂಲಾಗಿ ಅದು ಕೋಶದ ಅಂಚಿನಲ್ಲಿರಬೇಕು. ನನ್ನ ಕೋಶಗಳಲ್ಲಿ ನಟ್ಟನಡುವೆ, ನ್ಯೂಕ್ಲಿಯಸ್ಸಿನೊಳಗೇ ಕಂದು ತುಂಬಿತ್ತು.

ಹನ್ನೆರಡನೆಯ ದಿನ ಫೋನ್ ಬಂತು. ಸಾರ್ಕೋಮಾ ಅಲ್ಲ. ಡೆಸ್ಮಾಯ್ಡ್ ಟ್ಯೂಮರ್. ಅಕ್ಕ ಅತ್ತಳು. ನನಗೆ ಯಾಕೋ ನಗು ಬಂತು, ನಿಲ್ಲಲಿಲ್ಲ. ನಗು ಮುಗಿಯುವವರೆಗೂ ಕಾದು ಡಾಕ್ಟರು ಹೇಳಿದರು, “ಖುಷಿಪಡಿ, ಆದ್ರೆ ಪೂರ್ತಿ ಖುಷಿಪಡೋ ಹಾಗಿಲ್ಲ. ಬಂದು ಮಾತಾಡಿ.”

ಮನೆಯಲ್ಲಿ ಕೂತು ಆ ಹೆಸರಿನ ಬೆನ್ನು ಹತ್ತಿದೆ. 1832ರಲ್ಲಿ ಮ್ಯಾಕ್‌ಫಾರ್ಲೇನ್ ಅನ್ನುವ ವೈದ್ಯ, ಹೆರಿಗೆಯಾದ ಹೆಂಗಸರ ಹೊಟ್ಟೆಯ ಗೋಡೆಯಲ್ಲಿ ಇಂಥ ಗಡ್ಡೆಯನ್ನು ಮೊದಲು ವಿವರಿಸಿದ. 1838ರಲ್ಲಿ ಜರ್ಮನಿಯ ಯೋಹಾನ್ನೆಸ್ ಮ್ಯುಲರ್ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ‘ಡೆಸ್ಮೋಸ್’ ಅಂದರೆ ಕಟ್ಟು, ಪಟ್ಟಿ, ಬಂಧ. ಗಡ್ಡೆ ಸ್ನಾಯುವಿನ ಕಟ್ಟಿನ ಹಾಗೆ ಬಿಗಿಯಾಗಿ ಕಂಡದ್ದಕ್ಕೆ ಆ ಹೆಸರು. ನನಗೆ ಖುಷಿಯಾಯಿತು. ನಾವು ‘ಗಂಟು’ ಅಂದದ್ದೂ ಅದನ್ನೇ ಅಲ್ವಾ? ಹಗ್ಗದ ಗಂಟೂ ಗಂಟೇ, ಮೈಮೇಲಿನ ಗಂಟೂ ಗಂಟೇ. ಅಷ್ಟೇ ಅಲ್ಲ, ಬಿಡದೆ ಬೆನ್ನುಹತ್ತಿದವರನ್ನು ‘ಗಂಟುಬಿದ್ದಿದ್ದಾರೆ’ ಅನ್ನುತ್ತೇವೆ. ಮ್ಯುಲರ್‌ಗೆ ಕನ್ನಡ ಬರುತ್ತಿದ್ದರೆ ಗ್ರೀಕಿಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಹೆಸರೂ ಇದೆ, ಅಗ್ರೆಸಿವ್ ಫೈಬ್ರೋಮ್ಯಾಟೋಸಿಸ್. ಆ ‘ಅಗ್ರೆಸಿವ್’ ನನಗೆ ಇಷ್ಟವಿಲ್ಲ, ಬಿಡಿ.

ಅಮ್ಮನ ಪ್ರಶ್ನೆಗೆ ಉತ್ತರ ಒಂದು ಅಂಕಿಯಲ್ಲಿದೆ. ಪ್ರಪಂಚದ ಎಲ್ಲ ಗಡ್ಡೆಗಳಿಗೂ ಒಂದು ಕೋಡ್ ನಂಬರ್ ಇದೆ. ಓರೆಗೆರೆ ಎಳೆದು ಕೊನೆಯಲ್ಲಿ ಬರೆಯುವ ಅಂಕಿ ಗಡ್ಡೆಯ ನಡತೆ ಹೇಳುತ್ತದೆ. ಸೊನ್ನೆ ಇದ್ದರೆ ಸಾಧು. 3 ಇದ್ದರೆ ಕ್ಯಾನ್ಸರ್. ಡೆಸ್ಮಾಯ್ಡ್‌ನ ನಂಬರು 8821, ಗೆರೆಯ ಆಚೆ 1. ಸಾಧುವೂ ಅಲ್ಲ, ಕ್ಯಾನ್ಸರೂ ಅಲ್ಲ. ಇದು ಶ್ವಾಸಕೋಶಕ್ಕೋ ಲಿವರಿಗೋ ಹಾರುವುದಿಲ್ಲ. ಕ್ಯಾನ್ಸರಿನ ಹಾಗೆ ರಕ್ತದಲ್ಲಿ ತೇಲಿ ದೂರದ ಊರಲ್ಲಿ ಮನೆ ಮಾಡುವುದಿಲ್ಲ. ಆದರೆ ಇದ್ದ ಕಡೆಯೇ ಅಕ್ಕಪಕ್ಕದ ಸ್ನಾಯುವಿಗೆ, ನರಕ್ಕೆ, ಕರುಳಿಗೆ ಒತ್ತುವರಿ ಮಾಡುತ್ತದೆ. ಕೆಲವು ಬೇಗ ಬೆಳೆಯುತ್ತವೆ. ಕೆಲವು ಬೆಳೆದು ನಿಲ್ಲುತ್ತವೆ. ಕೆಲವು ಯಾರೂ ಏನೂ ಮಾಡದೆ ತಾವಾಗೇ ಕರಗುತ್ತವೆ. ಯಾವುದು ಏನು ಮಾಡುತ್ತದೆ ಅಂತ ಮೊದಲ ದಿನ ನೋಡಿ ಹೇಳಲು ಆಗುವುದಿಲ್ಲ.

ಯಾಕೆ ಬಂತು ಅನ್ನುವುದರ ಮೇಲೆ ನನಗೆ ತುಂಬ ದಿನ ಹುಚ್ಚಿತ್ತು. ಭಾರದ ಬ್ಯಾಗನ್ನು ಬಲಗಡೆಯೇ ಹೊತ್ತದ್ದಕ್ಕಾ? ಕಾಲೇಜಿನಲ್ಲಿ ಬಿದ್ದದ್ದಕ್ಕಾ? ಪೆಟ್ಟು, ಆಪರೇಷನ್ನಿನ ಗಾಯ, ಹೆರಿಗೆ, ಇವುಗಳ ಜಾಗದಲ್ಲಿ ಡೆಸ್ಮಾಯ್ಡ್ ಹುಟ್ಟುವುದು ನಿಜ. ಆದರೆ ಬಿದ್ದವರಿಗೆಲ್ಲ ಬರುವುದಿಲ್ಲ. ಒಳಗೆ ಇನ್ನೊಂದು ಕತೆ ನಡೆದಿರುತ್ತದೆ.

ಮೈಯಲ್ಲಿ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳಿವೆ. ನಾರು ನೇಯುವುದು ಅವುಗಳ ಕಸುಬು. ಗಾಯವಾದಾಗ ಎಚ್ಚೆತ್ತು, ಓಡಿಬಂದು, ಕೊಲಾಜನ್ ಎಳೆ ನೇಯ್ದು ಹರಿದದ್ದನ್ನು ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ತಣ್ಣಗಾಗುತ್ತವೆ. ಕಲೆ ಉಳಿಯುತ್ತದೆ. ಡೆಸ್ಮಾಯ್ಡ್‌ನಲ್ಲಿರುವುದೂ ಇಂಥ ನೇಯುವ ಕೋಶಗಳೇ. ಕೆಲಸ ಮುಗಿಯಿತು ಅನ್ನುವ ಸುದ್ದಿ ಮಾತ್ರ ಅವಕ್ಕೆ ತಲುಪಿರುವುದಿಲ್ಲ. ಗಾಯ ಇಲ್ಲ, ಆದರೂ ನೇಯುತ್ತಲೇ ಇವೆ.

ಸುದ್ದಿ ಯಾಕೆ ತಲುಪುವುದಿಲ್ಲ? ಆ ಕಂದು ಬಣ್ಣದ ಬೀಟಾ ಕ್ಯಾಟೆನಿನ್‌ಗೆ ಮತ್ತೆ ಬರಬೇಕು. ಕೋಶ ಈ ಪ್ರೋಟೀನನ್ನು ಸದಾ ತಯಾರಿಸುತ್ತದೆ, ಸದಾ ನಾಶವನ್ನೂ ಮಾಡುತ್ತದೆ. ಕೇಳಿದರೆ ದಂಡದ ಕೆಲಸ ಅನಿಸುತ್ತದೆ. ಆದರೆ ತೊಟ್ಟಿಗೆ ನೀರು ಬಿಟ್ಟು ಕೆಳಗೆ ತೂಬನ್ನೂ ತೆರೆದಿಟ್ಟ ಹಾಗೆ ಇದು. ನೀರು ಬೇಕಾದಾಗ ತೂಬು ಮುಚ್ಚಿದರೆ ಸಾಕು, ತೊಟ್ಟಿ ತಕ್ಷಣ ತುಂಬುತ್ತದೆ. ಬೆಳೆಯಬೇಕು, ಗಾಯ ಮುಚ್ಚಬೇಕು ಅನ್ನುವಾಗ ಹೊರಗಿನಿಂದ ಒಂದು ಸಂಕೇತ ಬಂದು ತೂಬು ಮುಚ್ಚುತ್ತದೆ. ಪ್ರೋಟೀನ್ ಏರುತ್ತದೆ, ನ್ಯೂಕ್ಲಿಯಸ್ಸಿನೊಳಗೆ ನುಗ್ಗಿ ‘ಬೆಳೆ’ ಅನ್ನುವ ಜೀನುಗಳನ್ನು ಎಬ್ಬಿಸುತ್ತದೆ. ಸಂಕೇತ ನಿಂತರೆ ತೂಬು ತೆರೆಯುತ್ತದೆ. ಕತೆ ಮುಗಿಯುತ್ತದೆ.

ನಾಶ ಮಾಡಲು ಪ್ರೋಟೀನಿನ ಮೇಲೆ ಮೊದಲು ಒಂದು ಗುರುತು ಅಂಟಿಸಬೇಕು. ಅಂಟಿಸಲು ಗೊತ್ತಾದ ಜಾಗಗಳಿವೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಅನ್ನುವ ಮಣಿಗಳ ಸರ. ಈ 781 ಮಣಿಗಳ ಸರದಲ್ಲಿ 41ನೆಯದು ಮತ್ತು 45ನೆಯದು ಅಂಥವು. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಆ ಮಣಿ ಬೇರೆಯಾದರೆ ಗುರುತು ಅಂಟುವುದಿಲ್ಲ. ತೂಬು ತೆರೆದೇ ಇರುತ್ತದೆ, ಆದರೆ ಈ ನೀರು ಅದರಲ್ಲಿ ಇಳಿಯುವುದಿಲ್ಲ. ಒಂದು ಅಕ್ಷರಕ್ಕೆ ಇಷ್ಟೆಲ್ಲಾನಾ ಅಂದರೆ, ‘ಕತೆ’ಗೆ ಒಂದು ಒತ್ತು ಜಾಸ್ತಿಯಾದರೆ ಏನಾಗುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೀಗೆ ತಾನಾಗೇ ಬರುವ ಡೆಸ್ಮಾಯ್ಡ್‌ಗಳಲ್ಲಿ 100ಕ್ಕೆ 85ರಿಂದ 90ರಲ್ಲಿ ಈ ಜೀನಿನ ಬದಲಾವಣೆಯೇ ಸಿಗುತ್ತದೆ. ನನ್ನದು 41. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದೂ ಅದೇ. 45ರಲ್ಲಿ ಒಂದು ಬಗೆಯ ಬದಲಾವಣೆ ಇರುವವರಿಗೆ ಆಪರೇಷನ್ ಆದಮೇಲೆ ಮರಳಿ ಬರುವುದು ಜಾಸ್ತಿ. ಇದು ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ. ಅಮ್ಮನಿಂದ ನನಗೆ ಬಂದದ್ದಲ್ಲ, ನನ್ನಿಂದ ಮಕ್ಕಳಿಗೆ ಹೋಗುವುದೂ ಅಲ್ಲ. ಅಮ್ಮನಿಗೆ ಈ ಒಂದು ವಾಕ್ಯವನ್ನು ಫೋನಿನಲ್ಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ದಿನ ಏನು ಯೋಚಿಸಿಕೊಂಡಿದ್ದಳೋ.

ಮನೆತನದಲ್ಲಿ ಹರಿದು ಬರುವ ಒಂದು ಬಗೆ ಇದೆ. ದೊಡ್ಡ ಕರುಳಿನಲ್ಲಿ ನೂರಾರು ಸಣ್ಣ ಮೊಳಕೆಗಳು ಏಳುವ ಎಫ್‌ಎಪಿ ಅನ್ನುವ ಕಾಯಿಲೆ. ಅಲ್ಲಿ ಕೆಟ್ಟಿರುವುದು ಎಪಿಸಿ ಅನ್ನುವ ಜೀನು, ಅಂದರೆ ತೂಬಿನದೇ ಒಂದು ಭಾಗ. ಅವರ ಡೆಸ್ಮಾಯ್ಡ್‌ಗಳು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳನ್ನು ಹಿಡಿದಿರುವ ಪೊರೆಯಲ್ಲಿ ಬೆಳೆಯುತ್ತವೆ. ಅದಕ್ಕೇ ಬೀಟಾ ಕ್ಯಾಟೆನಿನ್ ಜೀನು ಸರಿಯಾಗಿದ್ದರೆ ಕರುಳನ್ನು ಕೊಲೊನೋಸ್ಕೋಪಿಯಲ್ಲಿ ನೋಡಲೇಬೇಕು. ಅಲ್ಲಿ ಅಡಗಿರುವುದು ಕ್ಯಾನ್ಸರಿಗೆ ತಿರುಗುವ ಮೊಳಕೆಗಳು. ಇದು ಡೆಸ್ಮಾಯ್ಡ್‌ಗಿಂತ ದೊಡ್ಡ ವಿಷಯ.

ಈಗ ಕತ್ತಿಯ ಮಾತು. ‘ತೆಗೆಸಿ ಬಿಸಾಕೋಕೆ ಏನು ಕಷ್ಟ’ ಅಂತ ಅಮ್ಮ ಕೇಳಿದ್ದನ್ನೇ ನಾನೂ ಆಂಕಾಲಜಿಸ್ಟರನ್ನು, ಅಂದರೆ ಆ ಕ್ಯಾನ್ಸರ್ ಡಾಕ್ಟರನ್ನು, ಕೇಳಿದ್ದೆ. ಹಳೆಯ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಸುತ್ತ ಒಳ್ಳೆಯ ಭಾಗವನ್ನೂ ಸೇರಿಸಿ ಅಗಲವಾಗಿ ಕೊಯ್ಯುತ್ತಿದ್ದರು. ಗಡ್ಡೆ ಮತ್ತೆ ಬರುತ್ತಿತ್ತು. ಮತ್ತೆ ಕೊಯ್ಯುತ್ತಿದ್ದರು. ಕೈಕಾಲು ಕಳೆದುಕೊಂಡವರೂ ಇದ್ದಾರೆ, ಕ್ಯಾನ್ಸರ್ ಅಲ್ಲದ ಒಂದು ಗಡ್ಡೆಗಾಗಿ. ಆಪರೇಷನ್ ಆದಮೇಲೆ ಮರಳಿ ಬರುವ ಲೆಕ್ಕ ಐವರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕಿಂತ ಹೆಚ್ಚು ಜನರವರೆಗೂ ಇದೆ, ಜಾಗದ ಮೇಲೆ, ವಯಸ್ಸಿನ ಮೇಲೆ ಹೋಗುತ್ತದೆ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡವನ್ನು ಕಿತ್ತವರಿಗೆ ಇದು ಅರ್ಥವಾಗುತ್ತದೆ. ಗಿಡ ಕೈಗೆ ಬರುತ್ತದೆ, ಬೇರು ಒಳಗೇ. ಬೇರು ಪೂರ್ತಿ ಬೇಕೆಂದರೆ ಗೋಡೆ ಒಡೆಯಬೇಕು. ಜೊತೆಗೆ ಇನ್ನೊಂದು ಪೇಚು. ಈ ಕೋಶಗಳಿಗೆ ಗಾಯ ಅಂದರೆ ಕರೆ ಬಂದ ಹಾಗೆ. ಆಪರೇಷನ್ ಅನ್ನುವುದೇ ಒಂದು ಗಾಯ.

ಅದಕ್ಕೇ ಆಂಕಾಲಜಿಸ್ಟರು “ಸದ್ಯಕ್ಕೆ ಏನೂ ಮಾಡೋದು ಬೇಡ” ಅಂದರು.

ನನಗೆ ಕೆನ್ನೆಗೆ ಹೊಡೆದಂತಾಯಿತು. ಸೂಜಿ ಚುಚ್ಚಿಸಿಕೊಂಡು, ಹನ್ನೊಂದು ದಿನ ನಿದ್ದೆಗೆಟ್ಟು, ಬಾಯಿಗೆ ಬಾರದ ಒಂದು ಹೆಸರು ಕಲಿತು ಬಂದರೆ ಏನೂ ಮಾಡೋದು ಬೇಡವಂತೆ. ಅಕ್ಕ ಎದುರಿಗೇ ಕೇಳಿದಳು, “ಏನೂ ಮಾಡ್ದೆ ಇರೋದಕ್ಕೆ ನೀವ್ಯಾಕೆ ಬೇಕು ಸಾರ್?” ಅವರಿಗೆ ಬೇಜಾರಾಗಲಿಲ್ಲ. “ಏನೂ ಮಾಡ್ದೆ ಇರೋದನ್ನ ಯಾವಾಗ ನಿಲ್ಲಿಸ್ಬೇಕು ಅಂತ ಹೇಳೋಕೆ” ಅಂದರು.

ಆ ಮಾತನ್ನು ಅರಗಿಸಿಕೊಳ್ಳಲು ನನಗೆ ಸಹಾಯ ಮಾಡಿದ್ದು ಒಂದು ಅಂಕಿ. 2018ರಲ್ಲಿ ಸೊರಾಫೆನಿಬ್ ಅನ್ನುವ ಮಾತ್ರೆಯ ಪ್ರಯೋಗದ ಫಲಿತಾಂಶ ಬಂತು. 87 ಜನ. ಕೆಲವರಿಗೆ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ. ಮಾತ್ರೆ ಕೆಲಸ ಮಾಡಿತು. ಎರಡು ವರ್ಷದ ಕೊನೆಗೆ ಕಾಯಿಲೆ ಮುಂದುವರಿಯದೆ ಇದ್ದವರು ಆ ಗುಂಪಿನಲ್ಲಿ 100ಕ್ಕೆ 81, ಹುಸಿ ಮಾತ್ರೆಯವರಲ್ಲಿ 36. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಬರೀ ಹುಸಿ ಮಾತ್ರೆ ನುಂಗಿದವರಲ್ಲೂ 100ಕ್ಕೆ 20 ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತ್ತು. ಅವರಿಗೆ ಅದೇ ಹೊತ್ತಿಗೆ ಯಾರಾದರೂ ಬೇರೇನೋ ಪುಡಿಯನ್ನೋ ಎಣ್ಣೆಯನ್ನೋ ಕೊಟ್ಟಿದ್ದರೆ ಅದಕ್ಕೇ ಎಲ್ಲ ಕೀರ್ತಿ ಹೋಗುತ್ತಿತ್ತು. ಅಂಥ ಪುಡಿ, ಎಣ್ಣೆಗಳ ವಿಳಾಸ ನನಗೂ ಹತ್ತಾರು ಬಂದಿವೆ. ತಾನಾಗೇ ಕರಗಬಲ್ಲ ಕಾಯಿಲೆಯ ಸುತ್ತ ಪವಾಡಗಳಿಗೆ ಬರವಿಲ್ಲ.

ಸುಮ್ಮನೆ ಕಾಯುವುದು ಒಬ್ಬ ಡಾಕ್ಟರರ ಸೋಮಾರಿತನ ಅಲ್ಲ ಅಂತಲೂ ತಿಳಿಯಿತು. ಈ ಕಾಯಿಲೆಯನ್ನೇ ನೋಡುವ ಹಲವು ದೇಶಗಳ ತಜ್ಞರು ಕೂತು 2020ರಲ್ಲಿ ಒಮ್ಮತದ ಸೂತ್ರ ಪ್ರಕಟಿಸಿದರು. ಬಹುತೇಕರಿಗೆ ಮೊದಲ ಹೆಜ್ಜೆ ಕಣ್ಣಿಟ್ಟು ಕಾಯುವುದೇ. ಮೊದಲ ಚಿತ್ರಗಳು ಬೇಗ ಬೇಗ, ಆಮೇಲೆ ಮೂರರಿಂದ ಆರು ತಿಂಗಳಿಗೊಂದು. ಒಂದು ಸಲ ಬೆಳೆದ ಮಾತ್ರಕ್ಕೆ ಗಾಬರಿಯಾಗಿ ಚಿಕಿತ್ಸೆಗೆ ನುಗ್ಗಬಾರದು. ಬೆಳೆಯುವುದಿದ್ದರೆ ಹೆಚ್ಚಿನವು ಮೊದಲ ಎರಡು ವರ್ಷದಲ್ಲೇ ಬೆಳೆಯುತ್ತವೆ.

ಬರೆದಷ್ಟು ಸುಲಭವಾಗಿರಲಿಲ್ಲ. ಆರು ತಿಂಗಳಲ್ಲಿ 4.8 ಇದ್ದದ್ದು 6.1 ಆಯಿತು. ನೋವು ಆಗ ಶುರುವಾಯಿತು, ಅದೂ ರಾತ್ರಿ. ಬಲಕ್ಕೆ ತಿರುಗಿ ಮಲಗುವುದು ಬಿಟ್ಟೆ. ಮೇಲಿನ ಕಪಾಟಿನಿಂದ ಏನಾದರೂ ತೆಗೆಯಬೇಕಾದರೆ ಎಡಗೈ. ಭುಜ ಬಳಸದಿದ್ದರೆ ಬಿಗಿದುಕೊಳ್ಳುತ್ತದೆ ಅಂತ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಗೋಡೆಗೆ ಬೆರಳಿಟ್ಟು ಇರುವೆಯ ಹಾಗೆ ಮೇಲೆ ಹತ್ತಿಸಬೇಕು. ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡಿದ್ದೆ. ಎಂಆರ್‌ಐ ಅಂಕಿಗಿಂತ ಆ ಗುರುತುಗಳೇ ನನ್ನ ನಿಜವಾದ ರಿಪೋರ್ಟು ಅಂತ ಈಗಲೂ ಅನಿಸುತ್ತದೆ.

ಜನರಿಗೆ ಹೇಳುವುದು ಇನ್ನೊಂದು ಪಾಡು. ಕ್ಯಾನ್ಸರ್ ಅಂದರೆ ದನಿ ಇಳಿಸುತ್ತಾರೆ, ಕ್ಯಾನ್ಸರ್ ಅಲ್ಲ ಅಂದ ಕೂಡಲೆ ಮಾತು ಬದಲಿಸುತ್ತಾರೆ. ನಡುವೆ ನಿಂತವರಿಗೆ ಮುಖಭಾವ ಯಾರ ಹತ್ತಿರವೂ ರೆಡಿ ಇರುವುದಿಲ್ಲ. ಆಸ್ಪತ್ರೆಯ ಕಾಯುವ ಹಾಲಿನಲ್ಲೂ ಹಾಗೇ. ಸುತ್ತ ಕೀಮೋ ತೆಗೆದುಕೊಳ್ಳುತ್ತಿರುವವರು. ತಲೆಗೂದಲು ಸೊಂಪಾಗಿರುವ ನಾನು ಯಾರದೋ ಕುರ್ಚಿ ಕಬಳಿಸಿದಂತೆ ಕೂತಿರುತ್ತಿದ್ದೆ.

ಅದೇ ಹಾಲಿನಲ್ಲಿ ಒಬ್ಬಾಕೆ ಸಿಕ್ಕರು. ನಾನು ನೋಡಿದ ಇನ್ನೊಬ್ಬ ಡೆಸ್ಮಾಯ್ಡ್ ಮನುಷ್ಯರು ಅವರೊಬ್ಬರೇ. ಹೆರಿಗೆಯಾದ ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಗೋಡೆಯಲ್ಲಿ ಗಂಟು. ಎರಡನೆಯ ಮಗು ಅಂತ ಅತ್ತೆ ಖುಷಿಪಟ್ಟಿದ್ದರಂತೆ. ನಗಬೇಕೋ ಬೇಡವೋ ತಿಳಿಯಲಿಲ್ಲ, ಅವರೇ ನಕ್ಕರು. ಈ ಕಾಯಿಲೆ ಹೆಂಗಸರಲ್ಲಿ ಜಾಸ್ತಿ, ಅದೂ ಮಕ್ಕಳಾಗುವ ವಯಸ್ಸಿನಲ್ಲಿ. ಹೊಟ್ಟೆಯ ಗೋಡೆಯ ಗಂಟುಗಳು ಉಳಿದವಕ್ಕಿಂತ ಸೌಮ್ಯ. ಅವರದು ಒಂದೂವರೆ ವರ್ಷದಲ್ಲಿ ಸುಮ್ನೆ ಕುಗ್ಗಿತ್ತು. “ಏನು ಮಾಡಿದ್ರಿ?” ಅಂದೆ. “ಮಗು ಎತ್ಕೊಂಡೆ” ಅಂದರು. ಕುತ್ತಿಗೆಯಲ್ಲಿ, ಕರುಳಿನ ಪೊರೆಯಲ್ಲಿ ಇದ್ದಿದ್ದರೆ ಮಾತೇ ಬೇರೆ. ಅಲ್ಲಿ ಉಸಿರಿನ ದಾರಿ, ರಕ್ತನಾಳ, ಕರುಳು ಎಲ್ಲ ಪಕ್ಕದಲ್ಲೇ ಇರುತ್ತವೆ. ಅಂಥ ಕಡೆ ಡಾಕ್ಟರುಗಳು ಇಷ್ಟು ತಾಳ್ಮೆಯಿಂದ ಕಾಯುವುದಿಲ್ಲ.

ನನ್ನದು 6.1 ಆದಾಗ ಆಂಕಾಲಜಿಸ್ಟರು ಔಷಧಿಯ ಮಾತು ತೆಗೆದರು. ಸೊರಾಫೆನಿಬ್ ಒಂದು ದಾರಿ. ಅಂಗೈ ಅಂಗಾಲು ಸುಲಿದುಹೋಗಬಹುದು, ರಕ್ತದೊತ್ತಡ ಏರಬಹುದು. ಹಳೆಯ ಕೀಮೋ ಔಷಧಿಗಳನ್ನು ಕಡಿಮೆ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಕೊಡುವುದು ಇನ್ನೊಂದು. ಸೂಜಿ ತೂರಿಸಿ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ವಿಧಾನವೂ ಇದೆ. ವಿಕಿರಣ ಚಿಕಿತ್ಸೆ ಗಡ್ಡೆಯನ್ನು ಹಿಡಿತಕ್ಕೆ ತರುತ್ತದೆ, ಆದರೆ ಚಿಕ್ಕ ವಯಸ್ಸಿನವರಿಗೆ ಹಿಂದೇಟು ಹಾಕುತ್ತಾರೆ. ಕ್ಯಾನ್ಸರ್ ಅಲ್ಲದ್ದಕ್ಕೆ ವಿಕಿರಣ ಕೊಟ್ಟು ಮೂವತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಎದ್ದರೆ?

ಆಮೇಲೆ ನಿರೊಗಾಸೆಸ್ಟಾಟ್. ಡೆಸ್ಮಾಯ್ಡ್‌ಗೆಂದೇ ಅಮೆರಿಕದ ಎಫ್‌ಡಿಎ ಒಪ್ಪಿದ ಮೊದಲ ಔಷಧಿ, 2023ರ ನವೆಂಬರ್ 27ರಂದು. ಗಡ್ಡೆಗೆ ಹೆಸರಿಟ್ಟು 185 ವರ್ಷವಾದ ಮೇಲೆ. ಇದು ಗಾಮಾ ಸೆಕ್ರಿಟೇಸ್ ಅನ್ನುವ ಕಿಣ್ವವನ್ನು ತಡೆಯುತ್ತದೆ. ಈ ಬಗೆಯ ಔಷಧಿಗಳ ಹಿಂದೆ ಜನ ಮೊದಲು ಬಿದ್ದದ್ದು ಮರೆವಿನ ಕಾಯಿಲೆ ಅಲ್ಝೈಮರ್‌ಗಾಗಿ. ಅಲ್ಲಿ ಕೈಕೊಟ್ಟವು. ಇಲ್ಲಿ 142 ಜನರ ಪ್ರಯೋಗದಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ 100ಕ್ಕೆ 41 ಜನರ ಗಡ್ಡೆ ಚೆನ್ನಾಗಿ ಕುಗ್ಗಿತು, ಹುಸಿ ಮಾತ್ರೆಯವರಲ್ಲಿ 8. ನೋವೂ ಇಳಿಯಿತು. ನನಗೆ ಅದೇ ದೊಡ್ಡದಾಗಿ ಕಂಡಿತು. ನಾನು ಆ ಕಾಗದದ ಮುಂದಿನ ಸಾಲು ಓದಿದೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ 100ಕ್ಕೆ 75 ಜನಕ್ಕೆ ಅಂಡಾಶಯದ ಕೆಲಸ ಏರುಪೇರಾಗಿತ್ತು. ಹೆಚ್ಚಿನವರಿಗೆ ಆಮೇಲೆ ಸರಿಹೋಯಿತು, ಎಲ್ಲರಿಗೂ ಅಲ್ಲ.

ನನಗಾಗ 33. ಮಗು ಬೇಕೋ ಬೇಡವೋ ಅನ್ನುವುದನ್ನು ಅಲ್ಲಿಯವರೆಗೆ ಮುಂದೂಡುತ್ತಾ ಬಂದಿದ್ದೆ. ಭುಜದ ಒಂದು ಗಂಟು ಬಂದು ಈ ಪ್ರಶ್ನೆ ಕೇಳುತ್ತದೆ ಅಂತ ಯಾರು ಅಂದುಕೊಂಡಿದ್ದರು? ಅಂಡಾಣು ತೆಗೆದಿಡುವ ಬಗ್ಗೆ ಮಾತಾಡಿಕೊಂಡು ಬನ್ನಿ ಅಂದರು. ನಾನು, “ಇನ್ನೊಂದು ಸ್ಕ್ಯಾನ್ ನೋಡೋಣ ಸಾರ್” ಅಂದೆ. ಇದನ್ನು ಧೈರ್ಯ ಅಂತ ಯಾರೂ ತಿಳಿಯಬಾರದು. ನಿರ್ಧಾರ ಮಾಡಲು ಆಗದೆ ಮೂರು ತಿಂಗಳು ಸಾಲ ತೆಗೆದುಕೊಂಡೆ, ಅಷ್ಟೇ.

ಮುಂದಿನ ಸ್ಕ್ಯಾನಿನಲ್ಲಿ 6.3. ಅದರ ಮುಂದಿನದರಲ್ಲಿ 6.2. ಡಾಕ್ಟರು ಅಂಕಿ ಬಿಟ್ಟು ಚಿತ್ರ ತೋರಿಸಿದರು. ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಕೋಶಗಳು ತುಂಬಿದ ಜಾಗ ಬೆಳ್ಳಗೆ ಹೊಳೆಯುತ್ತದೆ, ಬರೀ ನಾರು ಇರುವ ಜಾಗ ಕಪ್ಪಾಗಿರುತ್ತದೆ. ಮೊದಲ ವರ್ಷದ ಚಿತ್ರದಲ್ಲಿ ನನ್ನ ಗಂಟು ಹುಣ್ಣಿಮೆಯಂತಿತ್ತು. ಈಗ ಅದರ ಮಧ್ಯೆ ಕಪ್ಪು ಪಟ್ಟೆಗಳು. ನೇಯುವವರು ಕಡಿಮೆಯಾಗಿ ನೇಯ್ದದ್ದು ಮಾತ್ರ ಉಳಿಯುತ್ತಿದೆ ಅಂತ ಅರ್ಥ. ಗಾತ್ರ ಇಳಿಯುವ ಮೊದಲೇ ಬಣ್ಣ ಇಳಿಯಬಹುದು ಅಂದರು. ಅವತ್ತಿನಿಂದ ನಾನು ರಿಪೋರ್ಟ್ ಓದುವ ಮೊದಲು ಚಿತ್ರವನ್ನು ಕಿಟಕಿಗೆ ಹಿಡಿದು ಕಪ್ಪು ಹುಡುಕುತ್ತೇನೆ. ಅಕ್ಕನಿಗೂ ಕಲಿಸಿದ್ದೇನೆ. ಅವಳಿಗೆ ನನಗಿಂತ ಜಾಸ್ತಿ ಕಪ್ಪು ಕಾಣುತ್ತದೆ.

ಕೊನೆಯ ಸಲ 5.7 ಇತ್ತು. ನೋವು ಇದೆ, ಮೊದಲಿನಷ್ಟಿಲ್ಲ. ಗೋಡೆಯ ಪೆನ್ಸಿಲ್ ಗುರುತು ಬಾಗಿಲಿನ ಚೌಕಟ್ಟಿನ ಎತ್ತರ ದಾಟಿದೆ. ಔಷಧಿ ಬೇಕಾಗಿ ಬಂದರೆ ತೆಗೆದುಕೊಳ್ಳುತ್ತೇನೆ. ಬೇಕಾದವರು ತೆಗೆದುಕೊಳ್ಳಲೇಬೇಕು, ನನ್ನ ಕತೆ ಅವರಿಗೆ ಅಡ್ಡ ಬರದಿರಲಿ. ಕಾಯುತ್ತಾ ಕೂತವರಲ್ಲಿ ಗಡ್ಡೆ ಬೆಳೆಯುತ್ತಲೇ ಹೋದವರೂ ಇದ್ದಾರೆ.

ನಿನ್ನೆ ಮತ್ತೆ ಎಂಆರ್‌ಐ ಇತ್ತು. ಹೋಗುವ ಮುಂಚೆ ಅಮ್ಮ ಫೋನ್ ಮಾಡಿದಳು. ಈ ಸಲ ಪ್ರಶ್ನೆ ಬೇರೆ. “ಕಪ್ಪಗಾಗಿದ್ಯಾ?” ಅಕ್ಕ ಹೇಳಿಕೊಟ್ಟಿರಬೇಕು. “ಇನ್ನೂ ತೆಗೆದೇ ಇಲ್ಲಮ್ಮ” ಅಂದೆ. “ಸರಿ ಸರಿ, ತೆಗೆದ ಕೂಡ್ಲೆ ಹೇಳು” ಅಂತ ಇಟ್ಟಳು.

ಸ್ಕ್ಯಾನ್ ಮಾಡುವ ಹುಡುಗ ಈಗ ಪರಿಚಯ. ಕಿವಿಗೆ ಹತ್ತಿ ಕೊಟ್ಟ, ಕೈಗೆ ಕರೆಗಂಟೆಯ ಬಲೂನು ಕೊಟ್ಟ, ಭುಜದ ಮೇಲೆ ಆ ತಣ್ಣನೆಯ ಬುಟ್ಟಿಯಂಥದ್ದನ್ನು ಕಟ್ಟಿದ. “ನಲವತ್ತು ನಿಮಿಷ ಮೇಡಂ. ಅಲ್ಲಾಡ್ಬೇಡಿ, ಅಷ್ಟೇ” ಅಂದ. ಹಲಗೆ ಒಳಗೆ ಸರಿಯಿತು. ಮಷೀನು ಕಟಕಟ ಅನ್ನಲು ಶುರು ಮಾಡಿದ ಕೂಡಲೇ, ಯಾವಾಗಲೂ ಹಾಗೇ, ಸರಿಯಾಗಿ ಗಂಟಿನ ಮೇಲೆ ನವೆ ಶುರುವಾಯಿತು.